‘ಈ ಒಂದು ಎಸ್ಸೇ ಬಾಯಿಪಾಠ ಮಾಡಿ, ಫುಲ್ ಮಾರ್ಕ್ಸ್ ಗ್ಯಾರಂಟಿ’: ಎಸ್‌ಎಸ್‌ಎಲ್‌ಸಿ ಇಂಗ್ಲಿಷ್ ಪ್ರಬಂಧದ ಫಾರ್ವರ್ಡ್‌ನಲ್ಲಿ ನಿಜವೆಷ್ಟು?

ಪರೀಕ್ಷೆ ಹತ್ತಿರವಾಗುತ್ತಿದ್ದಂತೆ ಪೋಷಕರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಪಿಡಿಎಫ್ ಓಡಾಡಲು ಶುರುವಾಗುತ್ತದೆ. ಹೆಸರು ಆಗಾಗ ಬದಲಾಗುತ್ತದೆ, ಒಳಗಿನ ಸರಕು ಮಾತ್ರ ಹೆಚ್ಚುಕಡಿಮೆ ಅದೇ. ‘ಕಾಮನ್ ಎಸ್ಸೇ. ಯಾವ ಟಾಪಿಕ್ ಬಂದರೂ ಇದೇ ಬರೆಯಿರಿ. ಖಾಲಿ ಜಾಗದಲ್ಲಿ ಟಾಪಿಕ್ ಹೆಸರು ತುಂಬಿದರೆ ಸಾಕು. ಹತ್ತನೇ ಕ್ಲಾಸಿನ ಎಲ್ಲ ಮಕ್ಕಳಿಗೂ ತಲುಪುವವರೆಗೆ ಶೇರ್ ಮಾಡಿ.’ ನಿಮಗೂ ಬಂದಿರಬಹುದು. ನೀವೂ ಇನ್ನೊಬ್ಬರಿಗೆ ಕಳಿಸಿರಬಹುದು.

ನಮಗೆ ಇದು ಸಿಕ್ಕಿದ್ದು ಬೇಗೂರಿನಲ್ಲಿ. ಹೊಸೂರು ರಸ್ತೆ ಕಡೆಯ ಒಂದು ಗಾರ್ಮೆಂಟ್ಸ್‌ಗೆ ಹೋಗುವ ತಾಯಿಯೊಬ್ಬರು ಅದನ್ನು ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಹತ್ತನೇ ತರಗತಿಯ ಮಗಳ ಕೈಗೆ ಕೊಟ್ಟಿದ್ದರು. ‘ನನಗೆ ಇಂಗ್ಲಿಷ್ ಬರಲ್ಲಮ್ಮ. ಇದು ಸರಿ ಇದೆಯೋ ಇಲ್ವೋ ನೀವೇ ನೋಡಿ ಹೇಳಿ’ ಅಂದರು. ಮಗಳು ಆಗಲೇ ಮುಕ್ಕಾಲು ಭಾಗ ಉರು ಹೊಡೆದಿದ್ದಳು. ‘ಅಕ್ಕಾ, ಇದು ಬಂದ್ರೆ ಸಾಕಲ್ವಾ?’ ಎಂದು ಕೇಳಿದಳು.

ಸಾಕಾಗುವುದಿಲ್ಲ. ಯಾಕೆ ಎಂಬುದನ್ನು ಆ ಪಿಡಿಎಫ್‌ನ ಮೊದಲ ಎರಡು ಸಾಲುಗಳೇ ತೋರಿಸುತ್ತವೆ.

ಖಾಲಿ ಜಾಗ ತುಂಬಿದರೆ ಏನಾಗುತ್ತದೆ?

ಪಿಡಿಎಫ್‌ನ ಆರಂಭ ಹೀಗಿದೆ: ‘ಡ್ಯಾಶ್ ಈಸ್ ವೆರಿ ಇಂಪಾರ್ಟೆಂಟ್ ಇನ್ ಅವರ್ ಲೈಫ್. ವಿತೌಟ್ ಡ್ಯಾಶ್ ವಿ ಕೆನಾಟ್ ಲಿವ್.’ ಡ್ಯಾಶ್ ಇರುವಲ್ಲಿ ಪ್ರಶ್ನೆಪತ್ರಿಕೆಯ ವಿಷಯ ಬರೆಯಬೇಕು. ನೀರು, ಶಿಕ್ಷಣ, ಮರಗಳು ಎಂದು ತುಂಬಿದರೆ ವಾಕ್ಯ ಹೇಗೋ ನಿಲ್ಲುತ್ತದೆ. ಆದರೆ ಪ್ರಬಂಧಕ್ಕೆ ಕೊಡುವ ವಿಷಯಗಳಲ್ಲಿ ಸಮಸ್ಯೆಗಳೂ ಇರುತ್ತವೆ: ಮಾಲಿನ್ಯ, ಬಾಲಕಾರ್ಮಿಕ ಪದ್ಧತಿ, ಪ್ಲಾಸ್ಟಿಕ್, ಮೊಬೈಲ್ ಗೀಳು. ನಾವು ಆ ಹುಡುಗಿಗೆ ಬಾಲಕಾರ್ಮಿಕ ಪದ್ಧತಿಯ ವಿಷಯ ಕೊಟ್ಟು, ಪಿಡಿಎಫ್‌ನಲ್ಲಿರುವಂತೆಯೇ ಬರೆಯಲು ಹೇಳಿದೆವು. ಬರೆದಳು: ‘ಚೈಲ್ಡ್ ಲೇಬರ್ ಈಸ್ ವೆರಿ ಇಂಪಾರ್ಟೆಂಟ್ ಇನ್ ಅವರ್ ಲೈಫ್. ವಿತೌಟ್ ಚೈಲ್ಡ್ ಲೇಬರ್ ವಿ ಕೆನಾಟ್ ಲಿವ್.’

ಅಂದರೆ, ಬಾಲಕಾರ್ಮಿಕ ಪದ್ಧತಿ ನಮ್ಮ ಬದುಕಿಗೆ ಬಹಳ ಮುಖ್ಯ, ಅದಿಲ್ಲದೆ ನಾವು ಬದುಕಲಾರೆವು! ಕನ್ನಡದಲ್ಲಿ ಓದಿ ಹೇಳಿದಾಗ ಅವಳೇ ನಕ್ಕಳು. ತಾಯಿ ನಗಲಿಲ್ಲ. ವ್ಯಾಕರಣ ತಪ್ಪಿಲ್ಲ, ಕಾಗುಣಿತ ತಪ್ಪಿಲ್ಲ, ಅಕ್ಷರ ದುಂಡಗಿದೆ. ಅರ್ಥ ಮಾತ್ರ ತಲೆಕೆಳಗು. ಮೌಲ್ಯಮಾಪಕರ ಕೈಗೆ ಇಂಥ ಉತ್ತರ ಹೋದರೆ, ಈ ಮಗು ಪ್ರಶ್ನೆಯನ್ನೇ ಓದಿಲ್ಲ ಎಂದು ಎರಡನೇ ಸಾಲಿಗೆ ಗೊತ್ತಾಗುತ್ತದೆ.

ಇದರಲ್ಲಿ ಒಂದು ಅರ್ಧಸತ್ಯವೂ ಇದೆ, ಅದಕ್ಕೇ ಜನ ನಂಬುತ್ತಾರೆ. ಎಲ್ಲ ಪ್ರಬಂಧಕ್ಕೂ ಒಂದೇ ರೀತಿಯ ಚೌಕಟ್ಟು ಹೊಂದಿಸಬಹುದು ಎನ್ನುವುದು ನಿಜ. ಎಲ್ಲ ಪ್ರಬಂಧಕ್ಕೂ ಒಂದೇ ವಾಕ್ಯಗಳು ಹೊಂದುತ್ತವೆ ಎನ್ನುವುದು ಸುಳ್ಳು. ಒಂದೇ ನಕ್ಷೆಯಲ್ಲಿ ಹತ್ತು ಮನೆ ಕಟ್ಟಬಹುದು. ಹಾಗೆಂದು ಪಕ್ಕದ ಮನೆಯ ಗೋಡೆಯನ್ನು ಕಿತ್ತು ತಂದು ನಿಲ್ಲಿಸಲಾಗುವುದಿಲ್ಲ.

ಯಾವ ಬೋರ್ಡ್, ಎಷ್ಟು ಅಂಕ?

ಫಾರ್ವರ್ಡ್‌ಗಳು ಮಾಡುವ ಇನ್ನೊಂದು ಎಡವಟ್ಟು, ಬೇರೆ ಬೇರೆ ಬೋರ್ಡ್‌ಗಳ ಸಲಹೆಗಳನ್ನು ಒಟ್ಟಿಗೆ ಕಲಸುವುದು. ಬೇಗೂರು, ಎಲೆಕ್ಟ್ರಾನಿಕ್ ಸಿಟಿ ಸುತ್ತಮುತ್ತ ಒಂದೇ ಬೀದಿಯಲ್ಲಿ ರಾಜ್ಯ ಪಠ್ಯಕ್ರಮದ ಮಗು, ಸಿಬಿಎಸ್‌ಇ ಮಗು, ಐಸಿಎಸ್‌ಇ ಮಗು ಮೂವರೂ ಇರುತ್ತಾರೆ. ಅಪಾರ್ಟ್‌ಮೆಂಟಿನ ಗುಂಪಿನಲ್ಲಿ ಹುಟ್ಟಿದ ಸಲಹೆ, ಮನೆಗೆಲಸಕ್ಕೆ ಬರುವವರ ಮೊಬೈಲ್ ಮೂಲಕ ಸರ್ಕಾರಿ ಶಾಲೆಯ ಮಗುವಿಗೂ ತಲುಪುತ್ತದೆ. ನಾವು ನೋಡಿದ ಪಿಡಿಎಫ್‌ನಲ್ಲಿ ‘ಕನಿಷ್ಠ 350 ಪದ ಬರೆಯಲೇಬೇಕು’ ಎಂದು ಕೆಂಪು ಅಕ್ಷರದಲ್ಲಿತ್ತು.

ಅದು ಎಲ್ಲಿಂದ ಬಂದಿರಬಹುದು ಎಂದು ಊಹಿಸುವುದು ಕಷ್ಟವಲ್ಲ. ಐಸಿಎಸ್‌ಇ ಹತ್ತನೇ ತರಗತಿಯ ಇಂಗ್ಲಿಷ್ ಭಾಷೆಯ ಪತ್ರಿಕೆಯಲ್ಲಿ 300ರಿಂದ 350 ಪದಗಳ ಪ್ರಬಂಧ ಕೇಳುತ್ತಾರೆ, ಅದಕ್ಕೆ 80ರಲ್ಲಿ 20 ಅಂಕ. ಅಷ್ಟು ಅಂಕಕ್ಕೆ ಅಷ್ಟು ಬರೆಯುವುದು ನ್ಯಾಯವೇ. ಕರ್ನಾಟಕದ ಎಸ್‌ಎಸ್‌ಎಲ್‌ಸಿ ಲೆಕ್ಕ ಬೇರೆ. ಇಲ್ಲಿ ಇಂಗ್ಲಿಷನ್ನು ದ್ವಿತೀಯ ಭಾಷೆಯಾಗಿ ಓದುವವರಿಗೆ ಲಿಖಿತ ಪರೀಕ್ಷೆ 80 ಅಂಕಕ್ಕೆ, ಉಳಿದ 20 ಆಂತರಿಕ ಮೌಲ್ಯಮಾಪನಕ್ಕೆ. ಆ 80ರಲ್ಲಿ ಪ್ರಬಂಧದ ಪಾಲು ನಾಲ್ಕೈದು ಅಂಕ ಅಷ್ಟೇ. ಉಳಿದದ್ದು ಪಾಠ, ಪದ್ಯ, ವ್ಯಾಕರಣ, ಪತ್ರ, ಚಿತ್ರ ನೋಡಿ ಬರೆಯುವುದು ಇತ್ಯಾದಿಗಳಿಗೆ ಹಂಚಿಹೋಗಿದೆ.

ಈಗ ಸಮಯದ ಲೆಕ್ಕ ಹಾಕಿ. ಸುಮಾರು ಮೂರು ಗಂಟೆಯಲ್ಲಿ 80 ಅಂಕ ಬರೆಯಬೇಕೆಂದರೆ ಒಂದು ಅಂಕಕ್ಕೆ ಎರಡು ನಿಮಿಷದ ಮೇಲೆ ಸ್ವಲ್ಪ ಸಿಗುತ್ತದೆ. ನಾಲ್ಕು ಅಂಕದ ಪ್ರಬಂಧಕ್ಕೆ ಒಂಬತ್ತು ನಿಮಿಷ, ಹೆಚ್ಚೆಂದರೆ ಹನ್ನೆರಡು. 350 ಪದ ಬರೆಯುತ್ತಾ ಕೂತ ಮಗುವಿಗೆ ಅರ್ಧ ಗಂಟೆಯೇ ಹೋಗುತ್ತದೆ. ಆಮೇಲೆ ಪತ್ರಕ್ಕೆ ಸಮಯ ಸಾಲದೆ ವಿಳಾಸ, ದಿನಾಂಕ ಬರೆದು ಪತ್ರಿಕೆ ಕೊಟ್ಟು ಬರುತ್ತದೆ. ನಮ್ಮ ತಂಡದಲ್ಲೇ ಒಬ್ಬರು ತಮ್ಮ ಹತ್ತನೇ ತರಗತಿಯಲ್ಲಿ ಇದೇ ಕೆಲಸ ಮಾಡಿದ್ದಾರೆ. ಪ್ರಬಂಧ ಎರಡೂವರೆ ಪುಟ, ಪತ್ರ ಮೂರು ಸಾಲು. ಪುಟ ತುಂಬಿಸಿದ್ದಕ್ಕೆ ಯಾರೂ ಹೆಚ್ಚುವರಿ ಅಂಕ ಕೊಡಲಿಲ್ಲ.

ಮೌಲ್ಯಮಾಪಕರು ಮೊದಲ ಮತ್ತು ಕೊನೆಯ ಸಾಲು ಮಾತ್ರ ಓದುತ್ತಾರಾ?

ಇದೂ ಆ ಫಾರ್ವರ್ಡ್‌ನ ಹೇಳಿಕೆ. ‘ಮಧ್ಯೆ ಏನು ಬರೆದರೂ ನಡೆಯುತ್ತದೆ.’

ನಡೆಯುವುದಿಲ್ಲ. ಉತ್ತರಪತ್ರಿಕೆ ತಿದ್ದುವ ಶಿಕ್ಷಕರ ಮುಂದೆ ಅಂಕ ಹಂಚಿಕೆಯ ಯೋಜನೆ ಇರುತ್ತದೆ. ಪ್ರಬಂಧದಂಥ ಪ್ರಶ್ನೆಗೆ ಅವರು ನೋಡುವುದು ಮುಖ್ಯವಾಗಿ ಮೂರು ವಿಷಯ. ಕೇಳಿದ ವಿಷಯದ ಬಗ್ಗೆಯೇ ಬರೆದಿದ್ದಾರಾ, ಬರೆದದ್ದು ಒಂದರ ಹಿಂದೆ ಒಂದು ಜೋಡಿಕೊಂಡು ಬಂದಿದೆಯಾ, ಭಾಷೆ ಓದಿಸಿಕೊಳ್ಳುತ್ತದೆಯಾ. ಮೊದಲ ಸಾಲು ಚೆನ್ನಾಗಿದ್ದರೆ ಓದುವವರಿಗೆ ಖುಷಿಯಾಗುತ್ತದೆ, ಮನುಷ್ಯಸಹಜ. ಆದರೆ ಅಂಕ ಹುಟ್ಟುವುದು ನಡುವಿನ ಸಾಲುಗಳಲ್ಲೇ. ವಿಷಯ ಇರುವುದು ಅಲ್ಲಿ ತಾನೇ?

ಬಣ್ಣದ ಪೆನ್ನು, ಗೆರೆ ಎಳೆದ ಚೌಕ, ಹೂವಿನ ಅಂಚು, ಇವುಗಳ ಬಗ್ಗೆ ಹೆಚ್ಚು ಮಾತು ಬೇಡ. ಅಚ್ಚುಕಟ್ಟಾಗಿ ಬರೆದರೆ ಸಾಕು.

ಮಹಾನ್ ವ್ಯಕ್ತಿಗಳ ಹೇಳಿಕೆ ಹಾಕಿದರೆ?

ಪಿಡಿಎಫ್‌ನ ಕೊನೆಯ ಎರಡು ಪುಟಗಳ ತುಂಬ ಹೇಳಿಕೆಗಳು. ಗಾಂಧಿ, ಐನ್‌ಸ್ಟೈನ್, ಕಲಾಂ, ವಿವೇಕಾನಂದ. ಇದು ನಮ್ಮ ದಿನನಿತ್ಯದ ಕೆಲಸವಾದ್ದರಿಂದ ಎರಡನ್ನು ಇಲ್ಲಿ ಹೇಳಿಬಿಡುತ್ತೇವೆ. ಜೇನುನೊಣಗಳು ಅಳಿದರೆ ಮನುಷ್ಯನಿಗೆ ನಾಲ್ಕೇ ವರ್ಷ ಉಳಿಗಾಲ ಎಂದು ಐನ್‌ಸ್ಟೈನ್ ಹೇಳಿದರು ಎನ್ನುವುದಕ್ಕೆ ಯಾವ ದಾಖಲೆಯೂ ಇಲ್ಲ. ಜಗತ್ತಿನಲ್ಲಿ ನೋಡಬಯಸುವ ಬದಲಾವಣೆ ನೀನೇ ಆಗು ಎಂಬ ಮಾತು ಗಾಂಧಿಯವರ ಹೆಸರಿನಲ್ಲಿ ಟಿ-ಶರ್ಟ್‌ಗಳ ಮೇಲೂ ಇದೆ. ಅದೇ ಪದಗಳಲ್ಲಿ ಅವರು ಬರೆದದ್ದೋ ಮಾತಾಡಿದ್ದೋ ಸಿಕ್ಕಿಲ್ಲ. ಆ ಅರ್ಥಕ್ಕೆ ಹತ್ತಿರವಾದ ಬೇರೆ ಮಾತುಗಳನ್ನು ಅವರು ಬರೆದಿದ್ದಾರೆ.

ಸುಳ್ಳು ಹೇಳಿಕೆ ಬರೆದರೆ ಅಂಕ ಕತ್ತರಿಸುತ್ತಾರೆ ಎಂದು ಹೆದರಿಸುತ್ತಿಲ್ಲ. ಆದರೆ ಪಿಡಿಎಫ್‌ನ 24 ಹೇಳಿಕೆಗಳನ್ನು ಉರು ಹೊಡೆಯುವ ಸಂಜೆಯಲ್ಲಿ ಮಗು ತನ್ನದೇ ನಾಲ್ಕು ಪ್ರಬಂಧ ಬರೆದು ನೋಡಬಹುದಿತ್ತು.

ಹಾಗಾದರೆ ಬರೆಯುವುದು ಹೇಗೆ?

ಪ್ರಬಂಧ ಎಂಬ ಪದದಲ್ಲೇ ‘ಬಂಧ’ ಇದೆ. ಚೆನ್ನಾಗಿ ಕಟ್ಟಿದ್ದು ಎಂದು ಅರ್ಥ. ಫ್ರಾನ್ಸಿನ ಮೊಂತೇನ್ 1580ರಲ್ಲಿ ತನ್ನ ಬರಹಗಳಿಗೆ ಇಟ್ಟ ಹೆಸರಿನಿಂದ ಬಂದ ‘ಎಸ್ಸೇ’ಗೆ ಪ್ರಯತ್ನ ಎಂಬ ಅರ್ಥ. ಪರೀಕ್ಷೆಯಲ್ಲಿ ಎರಡೂ ಬೇಕು. ಒಂದು ಪ್ಯಾರಾದಲ್ಲಿ ಒಂದೇ ವಿಚಾರ ಇರಬೇಕು, ಅದೇನೆಂದು ಪ್ಯಾರಾದ ಆರಂಭದಲ್ಲೇ ತಿಳಿಯಬೇಕು ಎಂದು ಇಂದಿಗೂ ಶಾಲೆಗಳಲ್ಲಿ ಹೇಳಿಕೊಡುವ ಪಾಠಕ್ಕೂ ವಯಸ್ಸಾಗಿದೆ. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಬೇನ್ ಎಂಬ ಪ್ರಾಧ್ಯಾಪಕ 1866ರಲ್ಲಿ ತನ್ನ ಪಠ್ಯಪುಸ್ತಕದಲ್ಲಿ ಪ್ಯಾರಾಗಳಿಗೆ ಇಂಥ ನಿಯಮಗಳನ್ನು ಪಟ್ಟಿ ಮಾಡಿದ್ದ. ದೊಡ್ಡ ದೊಡ್ಡ ಲೇಖಕರು ಇದನ್ನು ದಿನವೂ ಮುರಿಯುತ್ತಾರೆ. ಹತ್ತು ನಿಮಿಷ ಇರುವ ಹತ್ತನೇ ತರಗತಿಯ ಮಗುವಿಗೆ ಮಾತ್ರ ಇದು ಉಪಕಾರಿ.

ನಾವು ಆ ಹುಡುಗಿಯ ಜೊತೆ ಕೂತು ‘ನೀರಿನ ಸಂರಕ್ಷಣೆ’ ವಿಷಯ ತೆಗೆದುಕೊಂಡೆವು. ಪಿಡಿಎಫ್ ಪಕ್ಕಕ್ಕಿಟ್ಟೆವು. ಮೊದಲ ಎರಡು ನಿಮಿಷ ಇಂಗ್ಲಿಷ್ ಬೇಡ, ನೀರು ಅಂದ ಕೂಡಲೇ ನಿನಗೆ ಏನು ನೆನಪಾಗುತ್ತದೋ ಕನ್ನಡದಲ್ಲೇ ಪೆನ್ಸಿಲ್‌ನಲ್ಲಿ ಗೀಚು ಎಂದೆವು. ಅವಳು ಬರೆದದ್ದು ಇಷ್ಟು: ಟ್ಯಾಂಕರ್. ಡ್ರಮ್. ಬೋರ್‌ವೆಲ್ ನಿಂತುಹೋಯ್ತು. ಅಮ್ಮ ಬೆಳಗ್ಗೆ 5ಕ್ಕೆ ಏಳುವುದು. ಕಾರು ತೊಳೆಯುವುದು. ಮಳೆ ನೀರು.

ಆರು ಅಂಶ. ಇದೇ ಪ್ರಬಂಧ! 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಬೋರ್‌ವೆಲ್‌ಗಳು ಒಣಗಿದಾಗ ಅವಳ ಬೀದಿಯಲ್ಲಿ ಟ್ಯಾಂಕರ್‌ಗೆ ಕಾಯುವವರ ಸಾಲಿತ್ತು. ಕಾರು ತೊಳೆಯಲು, ಗಿಡಗಳಿಗೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿದ್ದೂ ಅದೇ ತಿಂಗಳು. ಆ ವರ್ಷದ ಅಕ್ಟೋಬರ್‌ನಲ್ಲಿ ಹೊರವಲಯದ 110 ಹಳ್ಳಿಗಳಿಗಾಗಿ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಯಾಯಿತು. ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಯೋಜನೆ ಅದು. ಈ ಹುಡುಗಿಗೆ ‘ವಾಟರ್ ಈಸ್ ದಿ ಎಲಿಕ್ಸಿರ್ ಆಫ್ ಲೈಫ್’ ಎಂಬ ಸಾಲು ಏಕೆ ಬೇಕು? ಎಲಿಕ್ಸಿರ್ ಎಂದರೆ ಏನೆಂದು ಕೇಳಿದೆವು. ಗೊತ್ತಿರಲಿಲ್ಲ. ಡ್ರಮ್ ಗೊತ್ತಿತ್ತು.

ಆಮೇಲೆ ಅಂಶಗಳಿಗೆ ನಂಬರ್ ಹಾಕಿಸಿದೆವು. ಯಾವುದು ಮೊದಲು ಬರಬೇಕು? ಅವಳು ಯೋಚಿಸಿ ಟ್ಯಾಂಕರ್, ಡ್ರಮ್‌ಗಳನ್ನು ಮೊದಲಿಗಿಟ್ಟಳು. ಅದು ಪೀಠಿಕೆಯಾಯಿತು. ಎರಡು ಮೂರು ವಾಕ್ಯದಲ್ಲಿ ತಾನು ಕಂಡದ್ದನ್ನು ಹೇಳಿ, ‘ಆದ್ದರಿಂದ ನೀರನ್ನು ಉಳಿಸಬೇಕು’ ಎಂದು ವಿಷಯಕ್ಕೆ ಬರುವುದು. ಎರಡನೇ ಪ್ಯಾರಾ, ನೀರು ಯಾಕೆ ಕಡಿಮೆಯಾಗುತ್ತಿದೆ: ಬೋರ್‌ವೆಲ್ ಆಳಕ್ಕೆ ಹೋಗಿದೆ, ಸಿಕ್ಕ ನೀರನ್ನೂ ಕಾರು ತೊಳೆಯಲು ಸುರಿಯುತ್ತೇವೆ. ಮೂರನೇ ಪ್ಯಾರಾ, ಏನು ಮಾಡಬಹುದು: ಮಳೆ ನೀರು ಹಿಡಿಯುವುದು, ತರಕಾರಿ ತೊಳೆದ ನೀರನ್ನು ಗಿಡಕ್ಕೆ ಹಾಕುವುದು. ಕೊನೆಯ ಎರಡು ವಾಕ್ಯ, ತನ್ನ ಮನೆಯಲ್ಲಿ ತಾನು ಏನು ಮಾಡುತ್ತೇನೆ ಎಂಬುದು. ‘ಅಮ್ಮ ಬೆಳಗ್ಗೆ 5ಕ್ಕೆ ಏಳುವುದು’ ಎಲ್ಲಿ ಹಾಕುವುದೆಂದು ಅವಳಿಗೆ ತಿಳಿಯಲಿಲ್ಲ. ಪೀಠಿಕೆಯಲ್ಲೇ ಹಾಕು ಎಂದೆವು, ಹಾಕಿದಳು. ಆ ಸಾಲು ಯಾವ ಪಿಡಿಎಫ್‌ನಲ್ಲೂ ಸಿಗುವುದಿಲ್ಲ.

ಪ್ರತಿ ಪ್ಯಾರಾದ ಒಳಗೂ ಒಂದು ಸರಳ ನಡೆ ಇದೆ. ಮಾತು ಹೇಳು, ಯಾಕೆ ಅಂತ ಹೇಳು, ಒಂದು ಉದಾಹರಣೆ ಕೊಡು. ‘ನಾವು ನೀರು ಪೋಲು ಮಾಡುತ್ತೇವೆ’ ಎಂಬುದು ಮಾತು. ‘ನಲ್ಲಿಯಲ್ಲಿ ಬರುವುದರಿಂದ ಅದರ ಬೆಲೆ ಗೊತ್ತಾಗುವುದಿಲ್ಲ’ ಎಂಬುದು ಕಾರಣ. ‘ಉದಾಹರಣೆಗೆ, ನಮ್ಮ ಬೀದಿಯಲ್ಲಿ ಪೈಪ್ ಹಿಡಿದು ಬೈಕ್ ತೊಳೆಯುತ್ತಾರೆ’ ಎಂಬುದು ಮೂರನೆಯದು. ಈ ಮೂರನ್ನು ಜೋಡಿಸಲು ಭಾರಿ ಪದಗಳು ಬೇಡ. ಬಿಕಾಸ್, ಫಾರ್ ಎಕ್ಸಾಂಪಲ್, ಆಲ್ಸೋ, ಬಟ್, ಸೋ. ಈ ಐದನ್ನು ಸರಿಯಾಗಿ ಬಳಸಲು ಬಂದರೆ ಫರ್ದರ್‌ಮೋರ್, ನೆವರ್‌ದಿಲೆಸ್ ಬಗ್ಗೆ ಪಿಯುಸಿಯಲ್ಲಿ ಯೋಚಿಸಬಹುದು.

ಇಷ್ಟೆಲ್ಲ ಆದ ಮೇಲೆ ಇಂಗ್ಲಿಷ್. ಇಲ್ಲಿ ಮಕ್ಕಳು ಹೆದರುವುದು ನಿಜ. ಅದಕ್ಕೆ ಒಂದೇ ಉಪಾಯ, ವಾಕ್ಯ ಚಿಕ್ಕದಿರಲಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ನಡುವೆ ಎಷ್ಟು ಬೇಕಾದರೂ ತುರುಕಬಹುದು. ಇಂಗ್ಲಿಷ್‌ನಲ್ಲಿ ಯಾರು ಎಂದ ಕೂಡಲೇ ಏನು ಮಾಡಿದರು ಎಂದು ಹೇಳಬೇಕು. ಆದ್ದರಿಂದ ಉದ್ದ ಕನ್ನಡ ವಾಕ್ಯವನ್ನು ಹಾಗೇ ಇಂಗ್ಲಿಷಿಗೆ ಇಳಿಸಲು ಹೋದರೆ ಮಧ್ಯದಲ್ಲಿ ದಾರಿ ತಪ್ಪುತ್ತದೆ. ಎಂಟು ಹತ್ತು ಪದದ ವಾಕ್ಯದಲ್ಲಿ ತಪ್ಪಲು ಜಾಗ ಕಡಿಮೆ. ‘ಡಿಡ್ ನಾಟ್ ವೆಂಟ್’, ‘ಚಿಲ್ಡ್ರನ್ಸ್’, ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’, ಹೀಗೆ ಪದೇ ಪದೇ ಬರುವ ತಪ್ಪುಗಳು ಹತ್ತಿಪ್ಪತ್ತರ ಒಳಗೇ ಇರುತ್ತವೆ. ಶಾಲೆಯ ನೋಟ್‌ಬುಕ್‌ನಲ್ಲಿ ಟೀಚರ್ ಕೆಂಪು ಗೆರೆ ಹಾಕಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡರೆ, ಆ ಹಾಳೆ ಯಾವ ಗೈಡ್‌ಗಿಂತಲೂ ಉಪಯೋಗಕ್ಕೆ ಬರುತ್ತದೆ.

ಬರೆಯುತ್ತಾ ಕೂತವಳು ಒಮ್ಮೆ ತಲೆಯೆತ್ತಿ ಕೇಳಿದಳು: ‘ಅಕ್ಕಾ, ಡ್ರಮ್‌ಗೆ ಇಂಗ್ಲಿಷ್‌ನಲ್ಲಿ ಏನಂತಾರೆ?’

‘ಡ್ರಮ್ಮೇ ಕಣೇ.’

ಹನ್ನೆರಡು ನಿಮಿಷ ಹಿಡಿಯಿತು. ಹದಿನಾಲ್ಕು ವಾಕ್ಯ, ಎರಡು ಕಾಗುಣಿತ ತಪ್ಪು, ಒಂದು ಕಡೆ ಕ್ರಿಯಾಪದ ತಪ್ಪು. ಕಳೆದ ಎರಡು ನಿಮಿಷ ಉಳಿಸಿಕೊಂಡು ಓದಿ ನೋಡಿದ್ದರೆ ಕಾಗುಣಿತದ ಒಂದು ತಪ್ಪನ್ನು ಅವಳೇ ಹಿಡಿಯುತ್ತಿದ್ದಳು.

‘ನನ್ನ ಊರು’ ಎಂದು ಬಂದರೆ?

ಇದು ಮಕ್ಕಳು ತೀರಾ ಸುಲಭ ಎಂದುಕೊಂಡು ಎಡವುವ ವಿಷಯ. ಪಿಡಿಎಫ್ ಪ್ರಕಾರ ಊರೆಂದರೆ ಹಸಿರು ಗದ್ದೆ, ಹರಿಯುವ ನದಿ, ಮುಗ್ಧ ರೈತರು. ಬೇಗೂರಿನ ಮಗು ಹೀಗೆ ಬರೆದರೆ ಓದುವ ಮೇಷ್ಟ್ರಿಗೆ ಆ ಊರು ಎಲ್ಲಿದೆ ಎಂದೇ ತಿಳಿಯುವುದಿಲ್ಲ. ನಿಜವಾದ ಬೇಗೂರಿನಲ್ಲಿ ಬರೆಯಲು ಬೇಕಾದಷ್ಟಿದೆ. ಇಲ್ಲಿನ ನಾಗೇಶ್ವರ ದೇವಸ್ಥಾನದಲ್ಲಿ ಸಿಕ್ಕ, ಸುಮಾರು ಕ್ರಿ.ಶ. 890ರ ಹಳಗನ್ನಡ ಶಾಸನದಲ್ಲಿ ಬೆಂಗಳೂರಿನ ಕಾಳಗದ ಉಲ್ಲೇಖವಿದೆ. ಬೆಂಗಳೂರು ಎಂಬ ಹೆಸರು ಕೆಂಪೇಗೌಡರಿಗಿಂತ ಆರು ಶತಮಾನ ಹಿಂದೆಯೇ ಇತ್ತು ಎನ್ನುವುದಕ್ಕೆ ಇದು ಸಾಕ್ಷಿ. ಬೆಂದಕಾಳೂರಿನ ಕಥೆಯನ್ನು ನಂಬಿಕೊಂಡವರಿಗೆ ನಾವು ತೋರಿಸುವುದೂ ಇದನ್ನೇ. ಜೊತೆಗೆ ಕೆರೆ ಇದೆ, ಹಳೆಯ ಕೋಟೆಯ ಗುರುತಿದೆ, 2025ರ ಆಗಸ್ಟ್‌ನಲ್ಲಿ ಹೊಸೂರು ರಸ್ತೆಯಲ್ಲಿ ಓಡಲು ಶುರುವಾದ ಹಳದಿ ಮೆಟ್ರೋ ಇದೆ, ಬೆಳಗ್ಗೆ ಕಾರ್ಖಾನೆಗೆ ಹೋಗುವವರ ಸಾಲಿದೆ.

ಹನ್ನೊಂದು ಶತಮಾನ ಹಳೆಯ ಶಾಸನ, ಪಕ್ಕದಲ್ಲೇ ಮೆಟ್ರೋ. ಹಳೆಯದು ಒಂದು ಪ್ಯಾರಾ, ಹೊಸದು ಒಂದು ಪ್ಯಾರಾ. ಚೌಕಟ್ಟು ತಾನಾಗಿಯೇ ಬಂತು. ನಿಮ್ಮ ಮಗು ಪೀಣ್ಯದಲ್ಲಿದ್ದರೆ, ವೈಟ್‌ಫೀಲ್ಡ್‌ನಲ್ಲಿದ್ದರೆ ಅಲ್ಲಿಯದೇ ಎರಡು ವಿವರ ಹುಡುಕಿಕೊಳ್ಳಲಿ.

‘ಈ ವರ್ಷ ಬರುವ ಟಾಪಿಕ್ ಇದೇ, ಕನ್ಫರ್ಮ್’

ಪರೀಕ್ಷೆಯ ಹಿಂದಿನ ರಾತ್ರಿ ಬರುವ ಫಾರ್ವರ್ಡ್ ಇದು. ಪೋಷಕರು ನಂಬುವುದಕ್ಕೆ ಕಾರಣವಿಲ್ಲದಿಲ್ಲ. 2016ರಲ್ಲಿ ದ್ವಿತೀಯ ಪಿಯುಸಿ ರಸಾಯನಶಾಸ್ತ್ರ ಪತ್ರಿಕೆ ಒಂದಲ್ಲ, ಎರಡು ಸಲ ಸೋರಿಕೆಯಾಗಿ ಪರೀಕ್ಷೆ ಮುಂದೆ ಹೋದದ್ದು ಎಲ್ಲರಿಗೂ ನೆನಪಿದೆ. ಹಾಗಂತ ವಾಟ್ಸಾಪ್‌ನಲ್ಲಿ ಬಂದ ಪ್ರತಿ ಪಟ್ಟಿಯೂ ಸೋರಿಕೆಯಾದ ಪತ್ರಿಕೆಯಲ್ಲ. ಪರಿಸರ, ಮೊಬೈಲ್, ಶಿಕ್ಷಣ, ಸ್ವಚ್ಛತೆ, ರಾಷ್ಟ್ರೀಯ ಹಬ್ಬ ಎಂದು ಹತ್ತು ವಿಷಯ ಬರೆದರೆ ಒಂದಾದರೂ ತಾಗಿಯೇ ತಾಗುತ್ತದೆ, ಹಳೆಯ ಪ್ರಶ್ನೆಪತ್ರಿಕೆ ನೋಡಿದ ಯಾರಾದರೂ ಇದನ್ನು ಮಾಡಬಹುದು. ತಾಗಿದರೆ ಮರುದಿನ ‘ನಾವು ಹೇಳಿದ್ದೇ ಬಂತು’ ಎಂಬ ಇನ್ನೊಂದು ಫಾರ್ವರ್ಡ್. ತಾಗದಿದ್ದರೆ ಮೌನ. ಅಂಥ ಪಟ್ಟಿ ಬಂದ ರಾತ್ರಿ ಅದನ್ನು ಮಗುವಿಗೆ ತೋರಿಸದೆ ಮಲಗಿಸಿ. ಹೊಸ ಪ್ರಬಂಧ ಉರು ಹೊಡೆಯುವ ರಾತ್ರಿ ಅದಲ್ಲ.

ಮಾದರಿ ಬೇಕೇ ಬೇಕು ಎನ್ನುವವರು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಜಾಲತಾಣಕ್ಕೆ ಹೋಗಿ. ಮಾದರಿ ಪ್ರಶ್ನೆಪತ್ರಿಕೆಗಳು ಅಲ್ಲಿ ಉಚಿತವಾಗಿ ಸಿಗುತ್ತವೆ, ಪರೀಕ್ಷೆಯ ನಂತರ ಮಾದರಿ ಉತ್ತರಗಳನ್ನೂ ಹಾಕುತ್ತಾರೆ. ಆ ಕ್ಷಣಕ್ಕೆ ಇಂಟರ್‌ನೆಟ್ ಇಲ್ಲದವರು ಶಾಲೆಯ ಇಂಗ್ಲಿಷ್ ಟೀಚರ್ ಹತ್ತಿರ ಕೇಳಿದರೂ ಪ್ರತಿ ಸಿಗುತ್ತದೆ. ಪರೀಕ್ಷಾ ಕೊಠಡಿಯಲ್ಲಿ ಮೊದಲ 15 ನಿಮಿಷ ಪ್ರಶ್ನೆಪತ್ರಿಕೆ ಓದಲೆಂದೇ ಕೊಡುತ್ತಾರೆ. ಪ್ರಬಂಧದ ವಿಷಯಗಳಲ್ಲಿ ಯಾವುದಕ್ಕೆ ತನ್ನ ಬಳಿ ಉದಾಹರಣೆ ಹೆಚ್ಚಿದೆ ಎಂದು ಆರಿಸಿಕೊಳ್ಳಲು ಅದೇ ಸರಿಯಾದ ಹೊತ್ತು.

ಇಷ್ಟಾಗಿಯೂ ಅಂಕ ತೀರಾ ಕಡಿಮೆ ಬಂತು ಅನ್ನಿಸಿದರೆ ಉತ್ತರಪತ್ರಿಕೆಯ ಸ್ಕ್ಯಾನ್ ಮಾಡಿದ ಪ್ರತಿಗೆ ಅರ್ಜಿ ಹಾಕಬಹುದು, ನೋಡಿದ ಮೇಲೆ ಮರುಮೌಲ್ಯಮಾಪನಕ್ಕೂ ಕೇಳಬಹುದು. ಎರಡಕ್ಕೂ ಶುಲ್ಕವಿದೆ, ಕೊನೆಯ ದಿನಾಂಕವೂ ಇರುತ್ತದೆ. ಫಲಿತಾಂಶದ ದಿನವೇ ಮಂಡಳಿಯ ಪ್ರಕಟಣೆಯಲ್ಲಿ ಅದನ್ನು ನೋಡಿಕೊಳ್ಳಿ. 2023-24ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ಬರೆಯುವ ಅವಕಾಶ ಬಂದಿದೆ. ಹಾಗಾಗಿ ಒಂದು ಪತ್ರಿಕೆ ಕೈಕೊಟ್ಟರೆ ಇಡೀ ವರ್ಷ ಹೋಯಿತೆಂದು ಮಗುವನ್ನು ಬೈಯುವ ಮೊದಲು ಮುಂದಿನ ಪರೀಕ್ಷೆಯ ಅರ್ಜಿಯ ದಿನಾಂಕವನ್ನು ಶಾಲೆಯಲ್ಲಿ ವಿಚಾರಿಸಿ.